‘ಫ್ರಾನ್ಸ್’ ಎಂಬ ಹಡಗಿನ ಉತ್ತರಚರಿತ್ರೆ

ಮಹಾಸಾಗರಗಳಲ್ಲಿ ಪ್ರಯಾಣಿಕರನ್ನು ಹೊತ್ತು ಸಂಚರಿಸಿದ ದೊಡ್ಡ ಹಡಗುಗಳ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ಹಡಗು ನೀರಿಗಿಳಿದ ದಿನದ ಸಂಭ್ರಮವನ್ನೂ ಅದರ ವೇಗದ ಕೀರ್ತಿಯನ್ನೂ ಬಣ್ಣಿಸಿ ಲೇಖನಿಯನ್ನು ಕೆಳಗಿಡುವರು. ಮೊದಲಿನ ಒಡೆಯನು ಕೈಬಿಟ್ಟ ಮೇಲೆ ಅದು ಯಾರ ಪಾಲಾಯಿತು, ಯಾವ ಹೆಸರಿನಿಂದ ಬಾಳಿತು, ಎಲ್ಲಿ ಅಳಿಯಿತು ಎಂದು ವಿಚಾರಿಸುವವರು ವಿರಳ. ‘ಫ್ರಾನ್ಸ್’ ಎಂಬ ಹಡಗಿನ ಉತ್ತರಚರಿತ್ರೆಯು ನಮ್ಮ ದೇಶದ ಕಡಲತಡಿಯಲ್ಲಿಯೇ ಮುಗಿದುದರಿಂದ ಅದನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಸೇಂಟ್ ನಜೇರ್ ಎಂಬಲ್ಲಿ ಕಟ್ಟಲ್ಪಟ್ಟ ಈ ಹಡಗನ್ನು 1960ನೆಯ ಇಸವಿ ಮೇ 11ರಂದು ಅಧ್ಯಕ್ಷ ಡಿ ಗಾಲ್ ಅವರ ಪತ್ನಿಯು ನೀರಿಗಿಳಿಸಿದಳು. ಉದ್ದ 1,035 ಅಡಿ. 2004ರವರೆಗೆ ಇದಕ್ಕಿಂತ ಉದ್ದವಾದ ಪ್ರಯಾಣಿಕ ಹಡಗು ಲೋಕದಲ್ಲಿ ಸಂಚಾರಕ್ಕೆ ಬರಲಿಲ್ಲ. 1962ರ ಫೆಬ್ರವರಿಯಲ್ಲಿ ಲೆ ಹಾವ್ರ್ ಬಂದರಿನಿಂದ ನ್ಯೂಯಾರ್ಕಿಗೆ ಅದರ ಮೊದಲ ಪ್ರಯಾಣ. ಆದರೆ ಅದಾಗಲೇ ಹೊತ್ತು ಮೀರಿತ್ತು. 1958ರಲ್ಲಿಯೇ ಜೆಟ್ ವಿಮಾನಗಳು ಅಟ್ಲಾಂಟಿಕನ್ನು ದಾಟತೊಡಗಿದ್ದವು. ಐದು ದಿನಗಳ ದಾರಿ ಕೆಲವೇ ಗಂಟೆಗಳದಾದ ಮೇಲೆ ಹಡಗನ್ನು ಬಯಸುವವರು ಎಷ್ಟು ಮಂದಿ? ಸರಕಾರವು ವರ್ಷವರ್ಷವೂ ನಷ್ಟವನ್ನು ತುಂಬುತ್ತಿತ್ತು. 1973ರ ಬಳಿಕ ಎಣ್ಣೆಯ ಬೆಲೆ ಏರಿದಾಗ ಅದು ಕೈಯೆತ್ತಿತು.

1974ರ ಸೆಪ್ಟೆಂಬರಿನಲ್ಲಿ, ಹಡಗು ಲೆ ಹಾವ್ರ್ ಸಮೀಪಿಸುತ್ತಿರಲು, ಸಿಬ್ಬಂದಿಯವರು ಅದನ್ನು ತಮ್ಮ ವಶಮಾಡಿಕೊಂಡು ಬಂದರಿನ ಪ್ರವೇಶಮಾರ್ಗದಲ್ಲಿಯೇ ಲಂಗರು ಹಾಕಿದರು. ಹಡಗನ್ನು ನಿಲ್ಲಿಸಕೂಡದೆಂಬುದು ಅವರ ಬೇಡಿಕೆ. ಅದು ಈಡೇರಲಿಲ್ಲ. ಊರಿನಿಂದ ದೂರವಾದ ಒಂದು ಕಟ್ಟೆಗೆ ಹಡಗನ್ನು ಕಟ್ಟಿದರು. ಜನರು ಆ ಸ್ಥಳವನ್ನು ‘ಮರೆವಿನ ಕಟ್ಟೆ’ ಎಂದು ಕರೆದರಂತೆ. ಅಲ್ಲಿಯೇ ಸುಮಾರು ಐದು ವರ್ಷ. ನಡುವೆ 1977ರಲ್ಲಿ ಅಕ್ರಮ್ ಓಜೆ ಎಂಬ ಸೌದಿ ಅರೇಬಿಯದ ಧನಿಕನು ಕೊಂಡನು. ಆದರೆ ಹಡಗು ಕದಲಲಿಲ್ಲ.

1979ರಲ್ಲಿ ಕ್ನುಟ್ ಕ್ಲೋಸ್ಟರ್ ಎಂಬ ನಾರ್ವೆಯ ಹಡಗುದಾರನು 1 ಕೋಟಿ 80 ಲಕ್ಷ ಡಾಲರಿಗೆ ಇದನ್ನು ಕೊಂಡನು. ಅವನ ಯುಕ್ತಿ ಸೋಜಿಗದ್ದು. ಇವನಿಗೆ ವೇಗವು ಬೇಡ. ಕೆರಿಬಿಯನ್ ದ್ವೀಪಗಳ ನಡುವೆ ವಿಹಾರಕ್ಕೆ ಹೊರಟವರಿಗೆ ಅವಸರವೆಲ್ಲಿಯದು? ಜರ್ಮನಿಯ ಬ್ರೆಮರ್‌ಹಾಫನ್ ಬಂದರಿನಲ್ಲಿ ಮುಂದಿನ ಯಂತ್ರಶಾಲೆಯನ್ನು ನಿಲ್ಲಿಸಿ, ನಾಲ್ಕು ಪ್ರೊಪೆಲ್ಲರುಗಳಲ್ಲಿ ಎರಡನ್ನು ತೆಗೆದುಹಾಕಿದರು. ಎಣ್ಣೆಯ ಖರ್ಚು ಬಹಳ ಇಳಿಯಿತು. ಉತ್ತರ ಅಟ್ಲಾಂಟಿಕಿನ ಚಳಿಗಾಳಿಗೆಂದು ಮುಚ್ಚಿದ ಹಡಗನ್ನು ಬಿಸಿಲಿಗೆ ತೆರೆದರು. ದ್ವೀಪಗಳ ಬಂದರುಗಳಲ್ಲಿ ಈ ಮಹಾಕಾಯಕ್ಕೆ ಸಾಕಷ್ಟು ಆಳವಿಲ್ಲದುದರಿಂದ ಎರಡು ದೊಡ್ಡ ದೋಣಿಗಳನ್ನು ಮುಂದಿನ ಅಟ್ಟದ ಮೇಲೆ ಹೊರಿಸಿದರು. ಹೆಸರು ‘ನಾರ್ವೆ’ ಎಂದಾಯಿತು. 1980ರಿಂದ ಮಯಾಮಿಯಲ್ಲಿ ನೆಲೆಸಿ, ಹುಟ್ಟೂರಿನಲ್ಲಿ ಹನ್ನೆರಡು ವರ್ಷ ಕಷ್ಟದಿಂದ ಬಾಳಿದ ಹಡಗು ಪರಕೀಯರಲ್ಲಿ ಇಪ್ಪತ್ತಕ್ಕೂ ಮಿಗಿಲಾದ ವರ್ಷಗಳನ್ನು ಕಳೆಯಿತು. ಇಂದಿನ ಭಾರೀ ವಿಹಾರನೌಕೆಗಳಿಗೆಲ್ಲ ಇದೇ ಮೂಲಪುರುಷನೆಂದು ನನ್ನ ಮತ.

ಆದರೆ ಬಾಯ್ಲರುಗಳು ಹಳೆಯವೇ. 2003ರ ಮೇ 25ರ ಬೆಳಗ್ಗೆ ಮಯಾಮಿಯಲ್ಲಿ ಅವುಗಳಲ್ಲೊಂದು ಸಿಡಿದು ಎಂಟು ಮಂದಿ ಕೆಲಸಗಾರರು ಮೃತಪಟ್ಟರು. ಮೇಲಿನ ಅಟ್ಟಗಳಿಗೆ ಹೊಸ ಬಣ್ಣವನ್ನು ಬಳಿಯುವಷ್ಟು ಶ್ರದ್ಧೆ ಕೆಳಗಿನ ಕಬ್ಬಿಣದ ಮೇಲೆ ಇರಲಿಲ್ಲವೆನ್ನದೆ ವಿಧಿಯಿಲ್ಲ. ಬಾಯ್ಲರನ್ನು ನಡೆಯಿಸಿದ, ಸಂರಕ್ಷಿಸಿದ, ಪರೀಕ್ಷಿಸಿದ ರೀತಿಯಲ್ಲಿಯೇ ಲೋಪವಿತ್ತೆಂದು ಅಮೆರಿಕದ ತನಿಖೆಯವರು ನಿರ್ಣಯಿಸಿದರು.

ಅಲ್ಲಿಂದ ಮುಂದೆ ಹಡಗು ತಾನಾಗಿ ಚಲಿಸಲಿಲ್ಲ. ಎಳೆಹಡಗಿನ ಹಿಂದೆ ಜರ್ಮನಿಗೆ, 2005ರಲ್ಲಿ ಮಲೇಷಿಯಕ್ಕೆ, ಕೊನೆಗೆ ‘ಬ್ಲೂ ಲೇಡಿ’ ಎಂಬ ಮೂರನೆಯ ಹೆಸರಿನಿಂದ ಗುಜರಾತಿನ ಅಲಂಗಿಗೆ. ಖಂಬಾತ್ ಕೊಲ್ಲಿಯ ಉಬ್ಬರವು ಬಹಳ ಎತ್ತರವಾದುದು. ಉಬ್ಬರದಲ್ಲಿ ಹಡಗನ್ನು ದಡಕ್ಕೇರಿಸಿದರೆ ಇಳಿತದಲ್ಲಿ ಅದು ಕೆಸರಿನ ಮೇಲೆ ನಿಲ್ಲುವುದು. ಕೂಲಿಗಳು ನಡೆದುಹೋಗಿ ಅದನ್ನು ಕತ್ತರಿಸಬಹುದು. 2006ರ ಆಗಸ್ಟಿನಲ್ಲಿ ಹಾಗೆಯೇ ಆಯಿತು. ಆದರೆ ಹಡಗಿನ ಗೋಡೆಗಳೊಳಗೆ ಸಾವಿರ ಟನ್ನಿಗೂ ಮೀರಿದ ಕಲ್ನಾರು ಇತ್ತೆಂದು ಅಂದಾಜು. ಅದರ ಧೂಳನ್ನು ಉಸಿರಾಡಿದವರ ಶ್ವಾಸಕೋಶವು ಹಲವು ವರ್ಷಗಳ ಬಳಿಕ ಕೆಡುವುದು. ಅದೇ ವರ್ಷದ ಫೆಬ್ರವರಿಯಲ್ಲಿ ಫ್ರಾನ್ಸ್ ಸರಕಾರವು ಇದೇ ಕಾರಣದ ವಾದದಿಂದ ‘ಕ್ಲೆಮೆನ್ಸೊ’ ಎಂಬ ಯುದ್ಧನೌಕೆಯನ್ನು ಅಲಂಗಿನ ದಾರಿಯಿಂದ ಹಿಂದಕ್ಕೆ ಕರೆಸಿಕೊಂಡಿತ್ತು. ‘ಬ್ಲೂ ಲೇಡಿ’ಯನ್ನು ಕರೆಸಿಕೊಳ್ಳುವವರು ಯಾರು? ಕಟ್ಟಿದ ದೇಶ ಬೇರೆ, ಲಾಭ ಪಡೆದ ಕಂಪನಿ ಬೇರೆ, ಕಾಗದದ ಮೇಲಿನ ಒಡೆಯ ಬೇರೆ. ಪ್ರಕರಣವು ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಒಂದು ಕಡೆ ಕಲ್ನಾರು, ಇನ್ನೊಂದು ಕಡೆ 700 ಮಂದಿಗೆ ಕೆಲಸ, 41,000 ಟನ್ ಉಕ್ಕು. 2007ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ಒಡೆಯಲು ಅನುಮತಿಯಿತ್ತಿತು. ಧೂಳಿನ ಲೆಕ್ಕವನ್ನು ಉಕ್ಕಿನ ಲೆಕ್ಕದೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬ ಸಂದೇಹವು ನನಗೆ ಇನ್ನೂ ಹೋಗಿಲ್ಲ.

ಮುಂಭಾಗದ ಚೂಪಾದ ತುದಿಯೊಂದನ್ನು ಮಾತ್ರ ಇಡಿಯಾಗಿ ಕೊಯ್ದು ತೆಗೆದು ಫ್ರಾನ್ಸಿಗೆ ಸಾಗಿಸಿದರು. 2009ರಲ್ಲಿ ಅದು ಪ್ಯಾರಿಸಿನಲ್ಲಿ ಹರಾಜಾಯಿತು. 2018ರಲ್ಲಿ ಅದನ್ನು ತಂದು ನಿಲ್ಲಿಸಿದುದು ಲೆ ಹಾವ್ರ್ ಬಂದರಿನಲ್ಲಿಯೇ.