ಮುಟ್ಟಬೇಡಿ, ಜರಿ ಕಪ್ಪಾಗುತ್ತೆ

ಬಸವನಗುಡಿಯ ಒಂದು ಹಳೇ ಮನೆ. ಆ ಮನೆಯ ಹುಡುಗನಿಗೆ ನಾವು ಗೆಳೆಯರು ಸರದಿಯ ಮೇಲೆ ಪಾಠ ಹೇಳಿಕೊಡುತ್ತಿದ್ದೆವು. ಅವನ ಅಜ್ಜಿಗೆ ಹಳೇ ಸೀರೆ ಕೂಡಿಡುವ ಹುಚ್ಚು. ಒಂದು ಸಂಜೆ ಬೀರು ತೆಗೆದು, ತೊಳೆದ ಬಿಳಿ ಪಂಚೆಯಲ್ಲಿ ಸುತ್ತಿದ್ದ ಗಂಟೊಂದನ್ನು ಮಂಚದ ಮೇಲೆ ಬಿಚ್ಚಿದರು. 'ಇದು ಪ್ಲೇಗಿಗೂ ಮುಂಚಿನ ಸೀರೆ ಕಣ್ರಪ್ಪ, ನಮ್ಮತ್ತೆಯ ಅತ್ತೆ ಧಾರೆಗೆ ಉಟ್ಟಿದ್ದು' ಅಂದರು. ಕುಂಕುಮಕ್ಕೂ ನೇರಳೆಗೂ ನಡುವಿನ ಬಣ್ಣ, ಗೇಣಗಲದ ಜರಿ ಅಂಚು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳೋಣ, ಬಹಳ ಚೆನ್ನಾಗಿತ್ತು. ನಮ್ಮ ಕೈ ತಾನಾಗಿ ಮುಂದೆ ಹೋಯಿತು. 'ನೋಡಿ, ಆದ್ರೆ ಮುಟ್ಟಬೇಡಿ. ಜರಿ ಕಪ್ಪಾಗುತ್ತೆ.'

ಅಜ್ಜಿ ಹೇಳಿದ್ದು ನಿಜ. ಕೈಯ ಬೆವರು, ಜಿಡ್ಡು ತಗಲಿದರೆ ಬೆಳ್ಳಿಯ ಜರಿ ಕಪ್ಪಿಡುತ್ತದೆ. ಮ್ಯೂಸಿಯಮ್ಮಿನಲ್ಲೂ ಇದನ್ನೇ ಹೇಳುತ್ತಾರೆ. ಆದರೆ 'ಮುಟ್ಟಬೇಡಿ' ಎಂಬ ಪದವನ್ನು ಬೇರೆ ಕಾರಣಕ್ಕೆ ಕೇಳಿ ಕೇಳಿ ಬೆಳೆದ ಕಿವಿ ನಮ್ಮದು. ಅಜ್ಜಿಯ ಮನಸ್ಸಿನಲ್ಲಿ ಇದ್ದದ್ದು ಜರಿಯೋ ಜಾತಿಯೋ ನಮಗೆ ತಿಳಿಯಲಿಲ್ಲ. ಊರಿಗೆ ಹೋದಾಗ ಅವ್ವನಿಗೆ ಹೇಳಿದೆವು. ರಾಮನಗರದ ಫಿಲೇಚರಿನಲ್ಲಿ ಇಪ್ಪತ್ತು ವರ್ಷ ಬಿಸಿನೀರಿಗೆ ಕೈ ಅದ್ದಿ, ಬೆಂದ ಗೂಡಿನ ಎಳೆ ಹುಡುಕಿ ಎತ್ತಿಕೊಟ್ಟವಳು ಅವಳು. 'ಆ ನೂಲು ಬಿಚ್ಚುವಾಗ ಯಾರ ಕೈ ಮುಟ್ಟಿತ್ತಂತೆ? ಕೇಳ್ಬೇಕಾಗಿತ್ತು ಕಣ್ರಲಾ' ಅಂದಳು.

ಅಲ್ಲಿ ಕೇಳದೆ ಬಂದ ಪ್ರಶ್ನೆಯನ್ನು ಇಲ್ಲಿ ಚರಿತ್ರೆಗೆ ಕೇಳುತ್ತಿದ್ದೇವೆ.

ಹಳೇ ಬಟ್ಟೆ ಕೂಡಿಡುವ ಈ ಹುಚ್ಚಿಗೆ ಜಗತ್ತಿನಲ್ಲಿ ದೊಡ್ಡ ಹೆಸರು ತಂದದ್ದು ಪ್ಯಾರಿಸ್ಸಿನ ಗೌನುಗಳು. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲೆಂಡಿನವನು 1858ರಲ್ಲಿ ಅಲ್ಲಿ ಪಾಲುದಾರನೊಬ್ಬನ ಜೊತೆ ಅಂಗಡಿ ತೆರೆದ. ಅಲ್ಲಿಯವರೆಗೆ ದರ್ಜಿ ಅಂದರೆ ಹೇಳಿದ ಹಾಗೆ ಹೊಲಿಯುವವನು. ವರ್ತ್ ತಾನೇ ಮಾದರಿ ಗೀಚಿ, ಚಿತ್ರಕಾರ ಚಿತ್ರದ ಕೆಳಗೆ ರುಜು ಹಾಕುವ ಹಾಗೆ ಗೌನಿನ ಸೊಂಟಪಟ್ಟಿಯ ಒಳಗೆ ತನ್ನ ಹೆಸರಿನ ಪಟ್ಟಿ ಹೊಲಿಸಿದ. ಫ್ರಾನ್ಸಿನ ಮಹಾರಾಣಿಯೇ ಅವನ ಗಿರಾಕಿ. ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅವನ ಗೌನುಗಳನ್ನು ಮಂದ ಬೆಳಕಿನಲ್ಲಿ ಕಾಪಾಡಿದ್ದಾರೆ. ಸಂಗ್ರಹಕಾರ ಮೊದಲು ನೋಡುವುದು ಆ ಪಟ್ಟಿಯನ್ನೇ. 1870ರ ಹೊತ್ತಿಗೆ ವರ್ತನ ಕೈಕೆಳಗೆ ಸುಮಾರು 1200 ಮಂದಿ ದುಡಿಯುತ್ತಿದ್ದರಂತೆ. ಪಟ್ಟಿಯ ಮೇಲಿರುವುದು ಒಂದೇ ಹೆಸರು.

ಅವುಗಳಲ್ಲಿ ಒಂದು ಗೌನು ನಮಗೆ ಹತ್ತಿರದ್ದು. 1903ರ ದೆಹಲಿ ದರ್ಬಾರಿನಲ್ಲಿ ವೈಸರಾಯ್ ಕರ್ಜನ್‌ನ ಹೆಂಡತಿ ಉಟ್ಟ ನವಿಲು ಗೌನು. ಮೈತುಂಬ ನವಿಲುಗರಿಯ ಹಾಗೆ ಚಿನ್ನ ಬೆಳ್ಳಿ ತಂತಿಯ ಕಸೂತಿ, ಗರಿಯ ಕಣ್ಣಿಗೆ ಜೀರುಂಡೆಯ ಹೊಳೆಯುವ ರೆಕ್ಕೆ. ತೂಕ ಸುಮಾರು ನಾಲ್ಕೂವರೆ ಕಿಲೋ. ಕಸೂತಿ ಹಾಕಿದ್ದು ಇಂಡಿಯಾದ ಜರ್ದೋಜಿ ಕೆಲಸಗಾರರು. ಆ ತುಂಡುಗಳು ಹಡಗೇರಿ ಪ್ಯಾರಿಸ್ಸಿಗೆ ಹೋಗಿ, ವರ್ತ್ ಅಂಗಡಿಯಲ್ಲಿ ಗೌನಾಗಿ ತಿರುಗಿ ಬಂದವು. ಈಗ ಅದು ಇಂಗ್ಲೆಂಡಿನ ಕೆಡಲ್‌ಸ್ಟನ್ ಹಾಲ್ ಎಂಬ ಬಂಗಲೆಯಲ್ಲಿದೆ. ಉಟ್ಟವಳ ಹೆಸರು ಲೋಕಕ್ಕೆಲ್ಲ ಗೊತ್ತು, ಹೊಲಿಸಿದವರ ಹೆಸರೂ ಗೊತ್ತು. ಸೂಜಿ ಹಿಡಿದವರನ್ನು ಕೆಲಸಗಾರರು ಅಂದುಬಿಟ್ಟರೆ ಮುಗಿಯಿತು.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವರ್ತ್ ಅಂಗಡಿ ತೆರೆದ ಮರುವರ್ಷ, 1859ರಲ್ಲಿ, ತಿರುವಾಂಕೂರಿನ ರಾಜ ಒಂದು ಆಜ್ಞೆ ಹೊರಡಿಸಿದ. ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳಬಹುದು, ಆದರೆ ಮೇಲುಜಾತಿ ಹೆಂಗಸರು ಮುಚ್ಚಿಕೊಳ್ಳುವ ಹಾಗೆ ಮುಚ್ಚಿಕೊಳ್ಳುವಂತಿಲ್ಲ! ಇಷ್ಟನ್ನು ಪಡೆಯಲಿಕ್ಕೇ ಅವರು ದಶಕಗಟ್ಟಲೆ ಹೊಡೆತ ತಿಂದಿದ್ದರು. ಇನ್ನು ನಮ್ಮ ಮೈಸೂರು ಸೀಮೆ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರುವಾಗ ಇಲ್ಲಿ ಧಾತು ಈಶ್ವರದ ಬರ. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಮೈಸೂರು ಸಂಸ್ಥಾನದ ಜನ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದರು. ಪಾತ್ರೆ ಪಡಗ, ಮೈಮೇಲಿನ ಅರಿವೆ ಮಾರಿ ರಾಗಿ ತಂದವರ ಮನೆಯಲ್ಲಿ ಮೊಮ್ಮಕ್ಕಳಿಗೆಂದು ಯಾವ ಸೀರೆ ಉಳಿದೀತು?

ಹಾಗಂತ ಬಟ್ಟೆಗೂ ನಮಗೂ ನಂಟೇ ಇರಲಿಲ್ಲ ಅಂದುಕೊಳ್ಳಬೇಡಿ. 1800ರಲ್ಲಿ ಬುಕಾನನ್ ಎಂಬ ಕಂಪನಿಯ ಅಧಿಕಾರಿ ಬೆಂಗಳೂರು ಪೇಟೆ ಸುತ್ತಿ ನೇಕಾರರ ಲೆಕ್ಕ ಬರೆದ. ರೇಷ್ಮೆ ನೇಯುವ ಪಟ್ಟೇಗಾರರು, ಖತ್ರಿಗಳು, ಹತ್ತಿ ನೇಯುವ ದೇವಾಂಗರು, ಇವರ ಜೊತೆಗೆ ದಪ್ಪನೆಯ ಬಟ್ಟೆ ನೇಯುವ ಹೊಲೆಯರೂ ಆ ಪಟ್ಟಿಯಲ್ಲಿದ್ದಾರೆ. ಬ್ರಾಹ್ಮಣರನ್ನು ಬಿಟ್ಟು ಮಿಕ್ಕೆಲ್ಲ ಜಾತಿಯ ಹೆಂಗಸರು ಸಂತೆಯಲ್ಲಿ ಹತ್ತಿ ಕೊಂಡು ನೂಲುತ್ತಿದ್ದರು ಎಂದೂ ಬರೆದಿದ್ದಾನೆ. ಮಗ್ಗದ ಮುಂದೆ ಕೂತಿದ್ದ ನಮ್ಮವರು ಆಮೇಲೆ ಎಲ್ಲಿ ಹೋದರು? ಮಿಲ್ಲಿನ ಬಟ್ಟೆ ಬಂದ ಮೇಲೆ ಅವರ ದಪ್ಪ ಬಟ್ಟೆ ಕೇಳುವವರಿಲ್ಲದೆ ಹೋಯಿತು. ಅದರದೊಂದು ತುಂಡನ್ನೂ ನಾವು ಯಾವ ಗಾಜಿನ ಪೆಟ್ಟಿಗೆಯಲ್ಲೂ ಕಂಡಿಲ್ಲ.

ರೇಷ್ಮೆಯ ಕತೆಯೂ ಪ್ಯಾರಿಸ್ಸಿನಿಂದ ಬೆಂಗಳೂರಿಗೆ ಎಳೆ ಹಾಕುತ್ತದೆ. 1850ರಿಂದಾಚೆಗೆ ಫ್ರಾನ್ಸ್, ಇಟಲಿಯ ಹುಳುಗಳಿಗೆ ಗಂಟುರೋಗ ಬಡಿದು ಬೆಳೆ ನೆಲಕಚ್ಚಿತು. ಇಲ್ಲಿಯ ಹುಳುವೂ ಸೊರಗಿತು. 1866ರಲ್ಲಿ ಡಿ ವೆಕ್ಕಿ ಎಂಬ ಇಟಲಿಯವನು ಸರ್ಕಾರದ ಸಹಾಯದಿಂದ ಜಪಾನಿನ ಮೊಟ್ಟೆ ತರಿಸಿ ಮೈಸೂರು ಸೀಮೆಯ ರೇಷ್ಮೆಯನ್ನು ಎತ್ತಿ ನಿಲ್ಲಿಸಲು ನೋಡಿದ. ಶತಮಾನ ಮುಗಿಯುವ ಹೊತ್ತಿಗೆ ಜಮ್‌ಸೆಟ್‌ಜಿ ಟಾಟಾ ಬಸವನಗುಡಿಯ ಆಚೆ ಜಪಾನೀ ತಜ್ಞರನ್ನು ಕರೆಸಿ ರೇಷ್ಮೆ ತೋಟ ಮಾಡಿದರು. ತೋಟ ಹೋಗಿ ಮನೆಗಳಾಗಿವೆ. 'ಟಾಟಾ ಸಿಲ್ಕ್ ಫಾರಂ' ಎಂಬ ಹೆಸರು ಈಗಲೂ ಆ ಜಾಗಕ್ಕಿದೆ. ಅಜ್ಜಿಯ ಮನೆಯಿಂದ ನಡೆದೇ ಹೋಗಬಹುದು.

ಅಷ್ಟರಲ್ಲಿ 1898ರ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯಲ್ಲಿ ಜನ ಸತ್ತರು. 1892ರಲ್ಲೇ ಚಾಮರಾಜಪೇಟೆ ಎದ್ದಿತ್ತು. ಈಗ ಗಾಳಿ ಬೆಳಕಿನ ಹೊಸ ಬಡಾವಣೆಗಳೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿದರು. ನಿವೇಶನ ಹಂಚುವಾಗಲೂ ಜಾತಿ ನೋಡಿಯೇ ಬೀದಿ ಹಂಚಿದರು. ಸೀರೆಯ ಪೆಟ್ಟಿಗೆ ಇದ್ದವರು ಪೆಟ್ಟಿಗೆ ಹೊತ್ತುಕೊಂಡು ಹೊಸ ಮನೆಗೆ ಬಂದರು. ರೋಗ ಬಿದ್ದ ಮನೆಯ ಬಟ್ಟೆ ಹಾಸಿಗೆ ಸುಡುವುದು ಆ ಕಾಲದ ಪ್ಲೇಗು ಕಾನೂನು. ಗುಡಿಸಲಿನವರಿಗೆ ಇದ್ದದ್ದೇ ಒಂದು ಜೊತೆ ಬಟ್ಟೆ. ಹೀಗಿರುವಾಗ 'ಪ್ಲೇಗಿಗೂ ಮುಂಚಿನ ಸೀರೆ' ಯಾರ ಮನೆಯಲ್ಲಿ ಸಿಗುತ್ತದೆ ಅನ್ನೋದು ಅದೃಷ್ಟದ ಮಾತಲ್ಲ.

ಕೂಡಿಟ್ಟವರಿಗೂ ರೇಷ್ಮೆ ಒಂದು ಪಾಠ ಹೇಳುತ್ತದೆ. ಹಸಿ ರೇಷ್ಮೆಯ ಅಂಟನ್ನು ಕುದಿಸಿ ತೆಗೆದರೆ ತೂಕದಲ್ಲಿ ಕಾಲು ಭಾಗದಷ್ಟು ಹೋಗುತ್ತದೆ. ಹೋದ ತೂಕ ತುಂಬಿಸಲು ಯೂರೋಪಿನ ಬಣ್ಣಗಾರರು ಆ ಶತಮಾನದ ಕೊನೆಗೆ ತವರದ ಲವಣದಲ್ಲಿ ರೇಷ್ಮೆ ಅದ್ದುತ್ತಿದ್ದರು. ಬಟ್ಟೆ ಭಾರವಾಗಿ, ಸರಸರ ಸದ್ದು ಮಾಡುತ್ತ ಮಾರಾಟವಾಯಿತು. ಈಗ ಆ ಗೌನುಗಳು ಯಾರೂ ಮುಟ್ಟದೆಯೂ ಇದ್ದಲ್ಲೇ ಸೀಳುತ್ತಿವೆ. ಸಂಗ್ರಹಕಾರರು ಕಾಗದ ಹಾಸಿ, ಮಲಗಿಸಿ, ಬೆಳಕು ಕಮ್ಮಿ ಮಾಡಿ ಕಾಯುತ್ತಾರೆ. ಆದರೂ ನಿಲ್ಲದು, ಲಾಭದ ಲವಣ ಒಳಗಿನಿಂದಲೇ ತಿನ್ನುತ್ತಿದೆ. ನಮ್ಮ ಪೇಟೆಯಲ್ಲಿ ಇನ್ನೊಂದು ಬಗೆ. ಹಳೇ ಜರಿ ಸೀರೆ ಕೊಳ್ಳುವವರು ಅದನ್ನು ಸುಟ್ಟು ಬೆಳ್ಳಿ ಇಳಿಸುತ್ತಾರೆ. ಸೀರೆ ಹೋಗಿ ಗ್ರಾಮಿನ ಲೆಕ್ಕ ಉಳಿಯುತ್ತದೆ. ಸುಡದೆ ಕಾಪಾಡಿದ ಅಜ್ಜಿಯ ಬಗ್ಗೆ ನಮಗೆ ಗೌರವವಿದೆ, ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಮನೆಯಲ್ಲಿ ಹಳೇ ಬಟ್ಟೆ ಏನಾಯಿತು? ಅವ್ವನ ಸೀರೆ ಹರಿದಾಗ ಮಗುವಿನ ಜೋಲಿಯಾಯಿತು. ಜೋಲಿ ಹರಿದು ಬೊಂತೆಯಾಯಿತು, ಬಡಗಣದವರು ಕೌದಿ ಅಂತಾರಲ್ಲ, ಅದು. ಬೊಂತೆ ಸವೆದು ಒಲೆಯ ಮುಂದಿನ ಮಸಿ ಅರಿವೆಯಾಯಿತು. ಉಪಯೋಗ ಮುಗಿಯುವ ತನಕ ಉಪಯೋಗಿಸಿದ ವಸ್ತು ಮ್ಯೂಸಿಯಮ್ಮಿಗೆ ಹೋಗುವುದಿಲ್ಲ. ಅಜ್ಜಿಯ ಸೀರೆ ಉಳಿದದ್ದು ಅದನ್ನು ದಿನಾ ಉಡಬೇಕಾದ ಗತಿ ಯಾರಿಗೂ ಬರಲಿಲ್ಲವಾದ್ದರಿಂದ.

ಬಟ್ಟೆಯನ್ನು ಚರಿತ್ರೆಯೆಂದು ಓದಿದವರು ಬಾಬಾಸಾಹೇಬರು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಸೇರಿದ ಹೆಂಗಸರಿಗೆ, ಅಸ್ಪೃಶ್ಯರೆಂದು ಗುರುತು ಹೇಳುವ ಉಡಿಗೆ ತೊಡಿಗೆ ಬಿಡಿ, ಮಿಕ್ಕವರ ಹಾಗೆ ಸೀರೆ ಉಡಿ ಎಂದು ಹೇಳಿದರು. ಅವರು ತೊಟ್ಟ ಬಟ್ಟೆಗಳನ್ನು ನಾಗಪುರದ ಬಳಿಯ ಚಿಚೋಲಿಯಲ್ಲಿ ಇಟ್ಟಿದ್ದಾರೆ. ನಮ್ಮದೂ ಒಂದು ಬಟ್ಟೆಯ ಸಂಗ್ರಹ ಇದೆ ಅನ್ನಲು ಅದು ನಮಗೆ ಮೊದಲ ಧೈರ್ಯ.

ಹಳ್ಳಿಯ ಮೇಷ್ಟ್ರುಗಳೇ, ಗೆಳೆಯರೇ, ನಿಮ್ಮಲ್ಲಿ ನಮ್ಮದೊಂದು ಬೇಡಿಕೆ. ನಿಮ್ಮ ಶಾಲೆಯ ಗೋಡೆಗೆ ಒಂದು ಬೊಂತೆ ನೇತುಹಾಕಿ. ಯಾವ ತುಂಡು ಯಾರ ಸೀರೆ, ಯಾವ ವರ್ಷದ್ದು, ಹೊಲಿದವರು ಯಾರು, ಎಲ್ಲವನ್ನೂ ಮಕ್ಕಳ ಕೈಲಿ ಬರೆಸಿ. ಪಕ್ಕದಲ್ಲಿ ನೂಲು ಬಿಚ್ಚಿದವರ, ಹುಳ ಸಾಕಿದವರ ಹೆಸರೂ ಇರಲಿ. 'ಮುಟ್ಟಿ ನೋಡಿ' ಅಂತ ಒಂದು ಚೀಟಿ ಅಂಟಿಸಿ.

ನಮ್ಮವ್ವನ ಬೆರಳ ತುದಿಯ ಗೆರೆಗಳು ಬಿಸಿನೀರಿಗೆ ಸವೆದಿವೆ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವಳನ್ನು ಗುರುತು ಹಿಡಿಯುವುದಿಲ್ಲ, ಪ್ರತಿ ತಿಂಗಳೂ ಎರಡು ಮೂರು ಸಲ ಒತ್ತಿ ನೋಡುತ್ತಾಳೆ. ಆ ಗೆರೆಗಳು ಎಲ್ಲಿ ಹೋದವು ಎಂದು ನಮಗೆ ಗೊತ್ತು. ಬೆಂಗಳೂರಿನ ಯಾವ ಯಾವ ಬೀರುವಿನಲ್ಲಿ, ಯಾವ ಯಾವ ಬಿಳಿ ಪಂಚೆಯ ಒಳಗೆ ಮಡಿಚಿಟ್ಟಿದ್ದಾರೋ, ಅದನ್ನು ಇನ್ನು ಹುಡುಕಬೇಕು.