ಅಕ್ಷರ ಕಂಡಿತು, ಕಣ್ಣೀರು ಬತ್ತಿತು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳಲ್ಲಿ ನಾನು ಪಾಠ ಹೇಳುತ್ತಿದ್ದಾಗ ಕನ್ನಡಕ ಹಾಕಿದ ಮಕ್ಕಳು ತರಗತಿಗೆ ಒಬ್ಬರೋ ಇಬ್ಬರೋ ಇರುತ್ತಿದ್ದರು. ಇಂದು ಲೇಸರ್ ಚಿಕಿತ್ಸೆಯಿಂದ ಕನ್ನಡಕವನ್ನೇ ಕಳಚಿಡುವ ಕಾಲ ಬಂದಿದೆ. ಇಂಡಿಯಲ್ಲಿರುವ ನನ್ನ ತಂಗಿಯ ಮೊಮ್ಮಗ, ಮದುವೆಗೆ ಮುನ್ನ ಅದನ್ನು ಮಾಡಿಸಿಕೊಳ್ಳಲೇ ಎಂದು ನನ್ನನ್ನು ಕೇಳಿದ್ದಾನೆ. ನಾನು ವೈದ್ಯನಲ್ಲ, ಇತಿಹಾಸ ಕಲಿಸಿದವನು. ಆದ್ದರಿಂದ ಇತಿಹಾಸವನ್ನೇ ಹೇಳುತ್ತೇನೆ.

ನಮ್ಮ ಭಾಗದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಎಂದೊಡನೆ ನೆನಪಾಗುವವರು 2005ರಲ್ಲಿ ತೀರಿಕೊಂಡ ಡಾ. ಎಂ. ಸಿ. ಮೋದಿಯವರು. ಅವರು ಹುಟ್ಟಿದ್ದು ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಊರೂರು ತಿರುಗಿ ಶಿಬಿರ ನಡೆಸಿದ ಅವರದು, ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ. ಅಲ್ಲಿ ಫಲಿತಾಂಶದ ಲೆಕ್ಕ ಸರಳವಾಗಿತ್ತು: ಕಾಣದವನಿಗೆ ಕಂಡರೆ ಗೆದ್ದಂತೆ. ಲೇಸರ್ ಚಿಕಿತ್ಸೆಗೆ ಹೋಗುವವನಾದರೋ ಕನ್ನಡಕದಿಂದ ಚೆನ್ನಾಗಿಯೇ ಕಾಣುವವನು. ಅವನ ಲೆಕ್ಕವೇ ಬೇರೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವನ್ನು, ಅಂದರೆ ಕಾರ್ನಿಯಾವನ್ನು, ಕೆತ್ತಿ ದೃಷ್ಟಿ ತಿದ್ದುವ ವಿಚಾರವನ್ನು ವೈದ್ಯ ಹೋಸೆ ಬರಾಕೆರ್ 1949ರಲ್ಲಿ ಮಂಡಿಸಿದರು. ಮದರಾಸಿನಲ್ಲಿ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್, 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಎಕ್ಸೈಮರ್ ಲೇಸರನ್ನು ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ ಹಾಯಿಸಿ ನೋಡಿದರು. ಅದು ಸುತ್ತಲಿನ ಭಾಗವನ್ನು ಸುಡದೆ ನಯವಾಗಿ ಕೊರೆಯಿತು. 1983ರಲ್ಲಿ ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕೆಲ್ ಅವರೊಡನೆ ಕಾರ್ನಿಯಾದ ಮೇಲಿನ ಪ್ರಯೋಗವೂ ಪ್ರಕಟವಾಯಿತು. 1990ರ ಸುಮಾರಿಗೆ ಕಾರ್ನಿಯಾದ ಮೇಲ್ಪದರವನ್ನು ತೆಳು ಮುಚ್ಚಳದಂತೆ ಎತ್ತಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುವ ಲಾಸಿಕ್ ವಿಧಾನ ಬಂತು.

ತೊಡಕು ಆ ಮುಚ್ಚಳದಲ್ಲಿದೆ. ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಕಾರ್ನಿಯಾದಲ್ಲಿ ಸೂಕ್ಷ್ಮ ನರಗಳು ದಟ್ಟವಾಗಿವೆ. ಕಣ್ಣು ಒಣಗಿತೆಂದು ಕಣ್ಣೀರಿನ ಗ್ರಂಥಿಗೆ ಸುದ್ದಿ ಮುಟ್ಟಿಸುವವೂ ರೆಪ್ಪೆ ಮಿಟುಕಿಸುವವೂ ಅವೇ. ಮುಚ್ಚಳ ಕೊಯ್ಯುವಾಗ ಅವು ತುಂಡಾಗುತ್ತವೆ. ಮತ್ತೆ ಬೆಳೆಯಲು ತಿಂಗಳುಗಳು, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಲ ಬೇಕು. ಬಹಳ ಜನರಿಗೆ ಈ ಒಣಗುವಿಕೆ ಕ್ರಮೇಣ ಕಡಿಮೆಯಾಗುತ್ತದೆ. ಕೆಲವರಿಗೆ ಉಳಿದುಬಿಡುತ್ತದೆ.

ಸಿಂದಗಿಯ ನನ್ನ ಶಿಷ್ಯೆಯೊಬ್ಬಳು ಉಳಿದವರಲ್ಲಿ ಒಬ್ಬಳು. "ಸರ್, ಅಕ್ಷರ ಛಲೋ ಕಾಣಸ್ತಾವ್ರಿ. ಆದ್ರ ಕಣ್ಣಾಗ ಉಸುಕು ಬಿದ್ದಂಗ ಆಗತೈತ್ರಿ" ಎಂದಳು. ಬೇಸಿಗೆಯ ಬಿಸಿಗಾಳಿಯಲ್ಲಿ ಅಂಗಳಕ್ಕೆ ಬರಲಾರಳು. ತಪಾಸಣೆಗೆ ಹೋದಾಗಲೆಲ್ಲ ಅವಳಿಗೆ ಸಿಕ್ಕ ಉತ್ತರ ಒಂದೇ: "ದೃಷ್ಟಿ ಸರಿಯಾಗಿದೆಯಲ್ಲ!"

1862ರಲ್ಲಿ ಸ್ನೆಲೆನ್ ರೂಪಿಸಿದ ಅಕ್ಷರಪಟ್ಟಿ ದೃಷ್ಟಿಯನ್ನು ಅಳೆಯುತ್ತದೆ, ಉರಿಯನ್ನು ಅಳೆಯುವುದಿಲ್ಲ. ನೂರಕ್ಕೆ ನೂರು ಅಂಕ ಪಡೆದ ಮಗು ಮನೆಯಲ್ಲಿ ಅಳುತ್ತಿರುವುದು ಅಂಕಪಟ್ಟಿಯಿಂದ ತಿಳಿಯದು. ನಾನೂ ಮಾಸ್ತರನಾಗಿ ಆ ತಪ್ಪು ಮಾಡಿದ್ದೇನೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಒಣಗಣ್ಣಿನಂಥ ತೊಂದರೆಗಳನ್ನು ರೋಗಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂಬ ಕರಡು ಮಾರ್ಗಸೂಚಿ ಹೊರಡಿಸಿತು.

ಆದ್ದರಿಂದ ಮೊಮ್ಮಗನೇ, ಬೇಡವೆಂದು ನಾನು ಹೇಳುತ್ತಿಲ್ಲ. ಸಹಿ ಹಾಕುವ ಮುನ್ನ ಕಣ್ಣೀರಿನ ಪರೀಕ್ಷೆ ಮಾಡಿಸು. ಷಿರ್ಮರ್ 1903ರಲ್ಲಿ ತಿಳಿಸಿದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯಲ್ಲಿ 5 ನಿಮಿಷ ಇಟ್ಟು ಎಷ್ಟು ನೆನೆಯಿತೆಂದು ನೋಡುವುದು ಅವುಗಳಲ್ಲಿ ಒಂದು. ಈಗಲೇ ಕಣ್ಣು ಒಣಗಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ. ಮದುವೆಯ ಮುಹೂರ್ತಕ್ಕಾಗಿ ಕಣ್ಣಿಗೆ ಅವಸರ ಮಾಡಬೇಡ. ಕನ್ನಡಕ ಹಾಕಿದ ಮದುಮಗನನ್ನು ಯಾರೂ ಬೇಡವೆನ್ನುವುದಿಲ್ಲ.

ಎಲ್ಲರಿಗೂ ಶುಭವಾಗಲಿ.