ಗೃಹ ಆರೋಗ್ಯ ಸಹಾಯಕರು

ಗೃಹ ಆರೋಗ್ಯ ಸಹಾಯಕರು ಎಂದರೆ ವೃದ್ಧಾಪ್ಯ, ದೀರ್ಘಕಾಲದ ಕಾಯಿಲೆ, ಅಂಗವೈಕಲ್ಯ ಅಥವಾ ಶಸ್ತ್ರಚಿಕಿತ್ಸೆಯ ನಂತರದ ನಿಶ್ಶಕ್ತಿಯಿಂದಾಗಿ ತಮ್ಮ ನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲಾಗದವರಿಗೆ ಅವರ ಮನೆಯಲ್ಲಿಯೇ ಆರೈಕೆ ಮಾಡುವ, ತರಬೇತಿ ಪಡೆದ ಕೆಲಸಗಾರರು. ಸ್ನಾನ, ಉಡುಪು, ಊಟ, ಶೌಚ, ಓಡಾಟ ಇವುಗಳಲ್ಲಿ ನೆರವಾಗುವುದು ಹಾಗೂ ರೋಗಿಯ ಸ್ಥಿತಿಯಲ್ಲಾಗುವ ಬದಲಾವಣೆಗಳನ್ನು ಗಮನಿಸಿ ದಾದಿಯರಿಗೆ ತಿಳಿಸುವುದು ಅವರ ಮುಖ್ಯ ಕೆಲಸ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು 'ಹೋಮ್ ಹೆಲ್ತ್ ಏಡ್' ಎಂಬ ಹೆಸರಿನಲ್ಲಿ ನಿಯಮಬದ್ಧವಾದ ವೃತ್ತಿಯಾಗಿದೆ. ಕರ್ನಾಟಕದಲ್ಲಿ ಇಂತಹ ಕೆಲಸ ಮಾಡುವವರನ್ನು ಜನ 'ಹೋಮ್ ನರ್ಸ್', 'ಆಯಾ', 'ಕೇರ್‌ಟೇಕರ್' ಎಂದೆಲ್ಲ ಕರೆಯುತ್ತಾರೆ.

ಈ ವೃತ್ತಿಯನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿದ 'ಗೃಹ ಆರೋಗ್ಯ' ಯೋಜನೆಯೊಂದಿಗೆ ಬೆರೆಸಬಾರದು. ಅದು ಮನೆಬಾಗಿಲಿಗೆ ಹೋಗಿ ರಕ್ತದೊತ್ತಡ, ಮಧುಮೇಹ ಮೊದಲಾದ ಅಸಾಂಕ್ರಾಮಿಕ ರೋಗಗಳನ್ನು ತಪಾಸಣೆ ಮಾಡುವ ಕಾರ್ಯಕ್ರಮ. ಆಶಾ ಕಾರ್ಯಕರ್ತೆಯರ ಕೆಲಸವೂ ಇದಕ್ಕಿಂತ ಭಿನ್ನವಾದುದು.

ಕೆಲಸದ ಸ್ವರೂಪ

ಹೊರಗಿನಿಂದ ನೋಡುವವರಿಗೆ ಇದು ಮನೆಗೆಲಸದ ವಿಸ್ತರಣೆಯಂತೆ ಕಾಣುವುದುಂಟು. ಆದರೆ ಹಾಸಿಗೆ ಹಿಡಿದವರನ್ನು ಹಾಸಿಗೆಯ ಮೇಲೆಯೇ ಸ್ನಾನ ಮಾಡಿಸುವ ಒಂದೇ ಕ್ರಿಯೆಯನ್ನು ಗಮನಿಸಿದರೂ ಅದರ ಹಿಂದಿರುವ ಕಲಿಕೆ ತಿಳಿಯುತ್ತದೆ. ನೀರಿನ ಬಿಸಿಯನ್ನು ಮೊದಲು ಪರೀಕ್ಷಿಸಬೇಕು. ಲಕ್ವ ಹೊಡೆದವರಿಗೆ, ಮಧುಮೇಹದಿಂದ ಸ್ಪರ್ಶಜ್ಞಾನ ಕುಂದಿದವರಿಗೆ ಸುಡುವುದೇ ತಿಳಿಯದಿರಬಹುದು. ಕಣ್ಣನ್ನು ಮೂಗಿನ ಕಡೆಯಿಂದ ಹೊರಗಿನ ಅಂಚಿನತ್ತ ಒರೆಸಬೇಕು. ಸ್ತ್ರೀಯರಿಗೆ ಶೌಚದ ಶುಚಿಯನ್ನು ಮುಂದಿನಿಂದ ಹಿಂದಕ್ಕೆ ಮಾಡಬೇಕು, ಇಲ್ಲವಾದರೆ ಮೂತ್ರನಾಳಕ್ಕೆ ಸೋಂಕು ತಗಲುವ ಸಂಭವ ಹೆಚ್ಚು. ತೊಳೆಯುತ್ತಿರುವ ಅಂಗವನ್ನು ಮಾತ್ರ ತೆರೆದು, ಉಳಿದ ಮೈಯನ್ನು ಹೊದಿಕೆಯಿಂದ ಮುಚ್ಚಿರಬೇಕು. ಈ ಕೊನೆಯ ನಿಯಮ ಚಳಿಯಿಂದ ಕಾಪಾಡುತ್ತದೆ, ಜೊತೆಗೆ ಮಾನವನ್ನೂ ಕಾಪಾಡುತ್ತದೆ.

ಬಟ್ಟೆ ತೊಡಿಸುವಾಗ ನಿಶ್ಶಕ್ತವಾದ ಕೈಯನ್ನು ಮೊದಲು ತೋಳಿನೊಳಗೆ ಸೇರಿಸಬೇಕು. ಕಳಚುವಾಗ ಅದನ್ನು ಕೊನೆಗೆ ಬಿಡಿಸಬೇಕು. ಹಾಸಿಗೆಯಿಂದ ಕುರ್ಚಿಗೆ ಕೂರಿಸುವಾಗ ಕುರ್ಚಿಯನ್ನು ರೋಗಿಯ ಬಲವಿರುವ ಪಕ್ಕದಲ್ಲಿ ಇಟ್ಟು, ಗಾಲಿಕುರ್ಚಿಯಾದರೆ ಅದರ ಬ್ರೇಕ್ ಹಾಕಿ, ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ ಅದನ್ನು ಹಿಡಿದು ಎತ್ತಬೇಕು. ಕಂಕುಳಲ್ಲಿ ಕೈ ಹಾಕಿ ಎಳೆಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಅದರಿಂದ ಭುಜದ ಕೀಲು ತಪ್ಪುವ ಅಪಾಯವಿದೆ. ಎತ್ತುವವರು ನಡುವನ್ನು ಬಾಗಿಸದೆ ಮೊಣಕಾಲನ್ನು ಮಡಿಸಬೇಕು. ಈ ವೃತ್ತಿಯವರನ್ನು ಹೆಚ್ಚಾಗಿ ಕಾಡುವುದು ಬೆನ್ನುನೋವೇ.

ಹಾಸಿಗೆ ಹುಣ್ಣು ಸಹಾಯಕರ ಗಮನ ಅತ್ಯಂತ ಹೆಚ್ಚು ಬೇಡುವ ವಿಷಯ. ಒಂದೇ ಮಗ್ಗುಲಿನಲ್ಲಿ ಬಹಳ ಹೊತ್ತು ಮಲಗಿದಾಗ ಮೂಳೆ ಉಬ್ಬಿರುವ ಜಾಗಗಳಲ್ಲಿ, ಅಂದರೆ ಹಿಮ್ಮಡಿ, ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಭುಜದ ಹಲಗೆ ಇವುಗಳಲ್ಲಿ ರಕ್ತಸಂಚಾರ ನಿಂತು ಚರ್ಮ ಕೊಳೆಯತೊಡಗುತ್ತದೆ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಕಲಿಸಲಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟಾಗಲೂ ಬಿಳಿಚದೆ ಉಳಿಯುವ ಕೆಂಪು ಕಲೆ ಹುಣ್ಣಿನ ಮೊದಲ ಸೂಚನೆ. ಕಪ್ಪು ಅಥವಾ ಗೋಧಿ ಬಣ್ಣದ ಚರ್ಮದ ಮೇಲೆ ಈ ಕೆಂಪು ಎದ್ದು ಕಾಣದೆ ನೇರಳೆ ಅಥವಾ ನೀಲಿಯ ಛಾಯೆ ತೋರಬಹುದು. ಆದ್ದರಿಂದ ಆ ಜಾಗ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡುವುದು ಅವಶ್ಯ. ಪಾಶ್ಚಾತ್ಯ ಚಿತ್ರಪುಸ್ತಕಗಳನ್ನಷ್ಟೇ ನೋಡಿ ಕಲಿತವರು ಇಲ್ಲಿ ತಪ್ಪುವುದುಂಟು.

ಊಟ ಮಾಡಿಸುವಾಗ ರೋಗಿಯನ್ನು ನೆಟ್ಟಗೆ ಕೂರಿಸಿ, ಒಂದು ತುತ್ತು ನುಂಗಿದ್ದನ್ನು ಖಚಿತಪಡಿಸಿಕೊಂಡು ಮುಂದಿನ ತುತ್ತು ಕೊಡಬೇಕು. ಊಟವಾದ ಮೇಲೂ ಸುಮಾರು ಅರ್ಧ ಗಂಟೆ ಮಲಗಿಸಬಾರದು. ನುಂಗುವ ಶಕ್ತಿ ಕುಂದಿದವರಿಗೆ ತೆಳುವಾದ ನೀರೇ ಹೆಚ್ಚು ಅಪಾಯಕಾರಿ, ಅದು ಶ್ವಾಸನಾಳಕ್ಕೆ ಇಳಿಯಬಹುದು. ಗಂಜಿಯ ಹದದ ದ್ರವ ಅವರಿಗೆ ಸುಲಭ.

ಮಾಡಬಾರದ ಕೆಲಸಗಳು

ಸಹಾಯಕರು ದಾದಿಯರಲ್ಲ. ನೋಂದಾಯಿತ ದಾದಿ ಬರೆದುಕೊಟ್ಟ ಆರೈಕೆಯ ಯೋಜನೆಯ ಮಿತಿಯಲ್ಲಿಯೇ ಅವರು ಕೆಲಸ ಮಾಡಬೇಕು. ಸಾಮಾನ್ಯವಾಗಿ ಔಷಧಿಯ ವೇಳೆಯನ್ನು ನೆನಪಿಸಬಹುದು, ಡಬ್ಬಿಯ ಮುಚ್ಚಳ ತೆಗೆದುಕೊಡಬಹುದು, ನೀರು ಕೊಡಬಹುದು. ಪ್ರಮಾಣವನ್ನು ನಿರ್ಧರಿಸುವುದು, ಚುಚ್ಚುಮದ್ದು ಕೊಡುವುದು, ಮೂತ್ರನಳಿಕೆ ಸೇರಿಸುವುದು ಸಲ್ಲದು. ಮನೆಯವರು ಸಲುಗೆಯಿಂದ "ಇದೊಂದು ಇಂಜೆಕ್ಷನ್ ನೀವೇ ಹಾಕಿಬಿಡಿ ಸಿಸ್ಟರ್" ಎಂದು ಕೇಳಿದಾಗ ನಯವಾಗಿ ನಿರಾಕರಿಸುವುದೂ ತರಬೇತಿಯ ಒಂದು ಭಾಗವಾಗಬೇಕು. ಅನಾಹುತವಾದರೆ ಹೊಣೆ ಬೀಳುವುದು ಆ ಸಹಾಯಕಿಯ ತಲೆಯ ಮೇಲೆಯೇ.

ಅಮೆರಿಕದಲ್ಲಿ ತರಬೇತಿ

ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ 1965ರಲ್ಲಿ ಕಾಯಿದೆಯ ರೂಪ ಬಂದಾಗ ಮನೆಯಲ್ಲಿ ನೀಡುವ ಆರೈಕೆಯೂ ಅದರೊಳಗೆ ಸೇರಿತು. ಸಹಾಯಕರ ತರಬೇತಿಗೆ ರಾಷ್ಟ್ರಮಟ್ಟದ ಕಟ್ಟಳೆ ಬಂದದ್ದು 1987ರ ಕಾಯಿದೆಯ ಮೂಲಕ. ಅದರಂತೆ ಮೆಡಿಕೇರ್ ಮಾನ್ಯತೆಯುಳ್ಳ ಏಜೆನ್ಸಿಗಳಲ್ಲಿ ಕೆಲಸ ಮಾಡುವವರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಅಗತ್ಯ. ಮೊದಲು ಕನಿಷ್ಠ 16 ಗಂಟೆ ತರಗತಿಯ ಪಾಠ ನಡೆದು, ಅನಂತರ ಮೇಲ್ವಿಚಾರಣೆಯಲ್ಲಿ ಕನಿಷ್ಠ 16 ಗಂಟೆ ಪ್ರಾಯೋಗಿಕ ಅಭ್ಯಾಸ ಆಗಬೇಕು. ಕೆಲವು ರಾಜ್ಯಗಳು ಇದಕ್ಕಿಂತ ಹೆಚ್ಚನ್ನು ಬಯಸುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 120 ಗಂಟೆ.

ಪಠ್ಯದಲ್ಲಿ ದೇಹದ ಉಷ್ಣತೆ, ನಾಡಿ, ಉಸಿರಾಟಗಳನ್ನು ಅಳೆದು ಬರೆಯುವುದು, ಸೋಂಕು ತಡೆಯುವುದು, ತುರ್ತು ಸಂದರ್ಭಗಳನ್ನು ಗುರುತಿಸುವುದು, ಸುರಕ್ಷಿತವಾಗಿ ಎತ್ತಿ ಕೂರಿಸುವುದು, ಆಹಾರ ಮತ್ತು ನೀರಿನ ಪ್ರಮಾಣ, ಚರ್ಮದ ಬದಲಾವಣೆಗಳು, ರೋಗಿಯ ಖಾಸಗಿತನ ಮತ್ತು ಆಸ್ತಿಯ ಬಗ್ಗೆ ಗೌರವ ಇವೆಲ್ಲ ಸೇರಿವೆ. ಸ್ನಾನ, ಶೌಚ, ಎತ್ತಿ ಕೂರಿಸುವಿಕೆಯಂತಹ ಕೌಶಲಗಳನ್ನು ಬರವಣಿಗೆಯ ಪರೀಕ್ಷೆಯಿಂದ ಅಳೆಯುವಂತಿಲ್ಲ, ಮಾಡಿ ತೋರಿಸಬೇಕು. ತರಬೇತಿಯ ನಂತರವೂ ವರ್ಷಕ್ಕೆ 12 ಗಂಟೆಗಳ ಮುಂದುವರಿದ ಕಲಿಕೆ ಇರುತ್ತದೆ. ಸತತ 24 ತಿಂಗಳು ಈ ಕೆಲಸದಿಂದ ದೂರವಿದ್ದವರು ಮತ್ತೆ ಅರ್ಹತೆ ಪಡೆಯಬೇಕು. ವೈದ್ಯಕೀಯ ಶುಶ್ರೂಷೆಯೂ ನಡೆಯುತ್ತಿರುವ ಮನೆಗಳಲ್ಲಿ ಸಾಮಾನ್ಯವಾಗಿ 14 ದಿನಗಳಿಗೊಮ್ಮೆ ದಾದಿ ಅಥವಾ ಇನ್ನೊಬ್ಬ ಪರಿಣತರು ಸಹಾಯಕರ ಕೆಲಸವನ್ನು ಪರಿಶೀಲಿಸುತ್ತಾರೆ.

ದಾಖಲೆ ಬರೆಯುವ ಪಾಠಕ್ಕೆ ವಿಶೇಷ ಮಹತ್ತ್ವವಿದೆ. ಕಂಡದ್ದನ್ನು ಬರೆಯಬೇಕೇ ಹೊರತು ಊಹೆಯನ್ನಲ್ಲ. "ಅಜ್ಜಿ ಇಂದು ಹಟ ಮಾಡಿದರು" ಎಂಬ ವಾಕ್ಯದಿಂದ ವೈದ್ಯರಿಗೆ ಪ್ರಯೋಜನವಿಲ್ಲ. "ಬೆಳಿಗ್ಗೆ 8ಕ್ಕೆ ಎರಡು ಚಮಚ ಗಂಜಿ ಕುಡಿದು ಬೇಡವೆಂದರು, ನುಂಗುವಾಗ ಕೆಮ್ಮಿದರು" ಎಂದು ಬರೆದರೆ ಹಟದ ಹಿಂದೆ ನುಂಗುವ ತೊಂದರೆಯಿದೆ ಎಂಬುದು ಹೊಳೆಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ತಿಳಿದಿರಬೇಕು. ಮೆಡಿಕೇರ್ ಸಹಾಯಕರ ವೆಚ್ಚವನ್ನು ಭರಿಸುವುದು ರೋಗಿ ಮನೆಯಿಂದ ಹೊರಹೋಗಲು ಕಷ್ಟಪಡುವವರಾಗಿದ್ದು, ದಾದಿಯ ಶುಶ್ರೂಷೆ ಅಥವಾ ಫಿಸಿಯೋಥೆರಪಿಯಂತಹ ಚಿಕಿತ್ಸೆಯ ಅಗತ್ಯವೂ ಇದ್ದಾಗ ಮಾತ್ರ. ವರ್ಷಗಟ್ಟಲೆ ಬೇಕಾಗುವ ದಿನನಿತ್ಯದ ಆರೈಕೆಗೆ ಬಡವರು ಮೆಡಿಕೈಡ್ ಎಂಬ ಬೇರೆ ಯೋಜನೆಯನ್ನು ಅವಲಂಬಿಸುತ್ತಾರೆ. ಮಧ್ಯಮ ವರ್ಗದವರು ಕೈಯಿಂದಲೇ ಕೊಡಬೇಕಾಗುತ್ತದೆ.

ವೇತನ ಮತ್ತು ಕಾನೂನು

ಅಮೆರಿಕದ ಈ ಕೆಲಸಗಾರರಲ್ಲಿ ಬಹುಪಾಲು ಮಹಿಳೆಯರು. ಅವರಲ್ಲಿ ಕಪ್ಪುವರ್ಣೀಯರು ಮತ್ತು ಹೊರದೇಶಗಳಿಂದ ಬಂದವರು ಗಣನೀಯವಾಗಿದ್ದಾರೆ. 2023ರ ಮೇ ತಿಂಗಳ ಸರ್ಕಾರಿ ಅಂಕಿಅಂಶದಂತೆ ಗೃಹ ಆರೋಗ್ಯ ಮತ್ತು ವೈಯಕ್ತಿಕ ಆರೈಕೆಯ ಸಹಾಯಕರ ಮಧ್ಯಮಾಂಕ ವಾರ್ಷಿಕ ವೇತನ 33,530 ಡಾಲರ್. ಅಲ್ಲಿನ ಜೀವನವೆಚ್ಚಕ್ಕೆ ಹೋಲಿಸಿದರೆ ಇದು ಅಲ್ಪ.

ವೇತನ ಹೀಗೆ ತಗ್ಗಿ ಉಳಿದದ್ದರ ಹಿಂದೆ ಕಾನೂನಿನ ಕಥೆಯೊಂದಿದೆ. ಕನಿಷ್ಠ ವೇತನವನ್ನೂ ಹೆಚ್ಚುವರಿ ದುಡಿಮೆಯ ಭತ್ಯೆಯನ್ನೂ ಖಾತ್ರಿಗೊಳಿಸಿದ 1938ರ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯಿದೆ ಮನೆಗೆಲಸದವರನ್ನು ಒಳಗೊಂಡಿರಲಿಲ್ಲ. 1974ರ ತಿದ್ದುಪಡಿ ಅವರನ್ನು ಒಳಗೆ ತಂದಿತಾದರೂ ವೃದ್ಧರಿಗೂ ಅಶಕ್ತರಿಗೂ 'ಒಡನಾಟ' ನೀಡುವವರನ್ನು ಹೊರಗಿಟ್ಟಿತು. ನೆರೆಮನೆಯ ಅಜ್ಜನ ಜೊತೆ ಸ್ವಲ್ಪ ಹೊತ್ತು ಕುಳಿತುಕೊಳ್ಳುವವರಿಗೆ ಹೊಂದುವಂತಹ ಈ ವಿನಾಯಿತಿ ಏಜೆನ್ಸಿಗಳು ಸಂಬಳ ಕೊಟ್ಟು ನೇಮಿಸಿದ ಪೂರ್ಣಾವಧಿ ಕೆಲಸಗಾರರಿಗೂ ಅನ್ವಯವಾಯಿತು.

ಜಮೈಕಾದಿಂದ ಬಂದು ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ದೀರ್ಘಕಾಲ ಈ ಕೆಲಸ ಮಾಡಿದ ಎವಲಿನ್ ಕೋಕ್ ಎಂಬ ಮಹಿಳೆ, ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಹೆಚ್ಚುವರಿ ವೇತನ ಕೊಟ್ಟಿಲ್ಲವೆಂದು ದಾವೆ ಹೂಡಿದರು. ಮೊಕದ್ದಮೆ ಸುಪ್ರೀಂ ಕೋರ್ಟನ್ನು ಮುಟ್ಟಿತು. 2007ರಲ್ಲಿ ಒಂಬತ್ತೂ ನ್ಯಾಯಾಧೀಶರು ಒಮ್ಮತದಿಂದ ಆಕೆಯ ವಿರುದ್ಧ ತೀರ್ಪಿತ್ತರು. ನಿಯಮ ರೂಪಿಸುವ ಅಧಿಕಾರ ಕಾರ್ಮಿಕ ಇಲಾಖೆಗಿದೆ, ಇಲಾಖೆಯ ನಿಯಮ ಹಾಗೆಯೇ ಇದೆ ಎಂಬುದು ತೀರ್ಪಿನ ತಿರುಳು. ಕೋಕ್ 2009ರಲ್ಲಿ ತೀರಿಕೊಂಡರು. ಅದೇ ಇಲಾಖೆ 2013ರಲ್ಲಿ ನಿಯಮವನ್ನು ತಿದ್ದಿ, ಏಜೆನ್ಸಿಗಳು ಈ ವಿನಾಯಿತಿಯನ್ನು ಬಳಸುವಂತಿಲ್ಲವೆಂದು ಸಾರಿತು. ನ್ಯಾಯಾಲಯದ ಅಡೆತಡೆಗಳನ್ನು ದಾಟಿ 2015ರಲ್ಲಿ ಅದು ಜಾರಿಯಾಯಿತು. 2025ರ ಜುಲೈಯಲ್ಲಿ ಇಲಾಖೆಯು ಮತ್ತೆ ಹಳೆಯ ವ್ಯವಸ್ಥೆಗೆ ಮರಳುವ ಪ್ರಸ್ತಾವವನ್ನು ಪ್ರಕಟಿಸಿತು.

ನ್ಯೂಯಾರ್ಕ್ ರಾಜ್ಯದಲ್ಲಿ ಇನ್ನೊಂದು ವಿವಾದವಿದೆ. ರೋಗಿಯ ಮನೆಯಲ್ಲಿ 24 ಗಂಟೆ ಇರುವ ಸಹಾಯಕರಿಗೆ 8 ಗಂಟೆ ನಿದ್ರೆಯ ಬಿಡುವೂ 3 ಗಂಟೆ ಊಟದ ಬಿಡುವೂ ದೊರೆತಿದ್ದರೆ 13 ಗಂಟೆಗಳ ಸಂಬಳ ಕೊಟ್ಟರೆ ಸಾಕು. ಆ ರಾಜ್ಯದ ಅತ್ಯುನ್ನತ ನ್ಯಾಯಾಲಯ 2019ರಲ್ಲಿ ಇದನ್ನು ಎತ್ತಿಹಿಡಿಯಿತು. ರಾತ್ರಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದ ರೋಗಿಯ ಬಳಿ ಇರುವವರಿಗೆ ನಿದ್ರೆಯ ಬಿಡುವು ಎಲ್ಲಿಂದ ಬರಬೇಕು ಎಂಬುದು ಕಾರ್ಮಿಕರ ಪ್ರಶ್ನೆ.

ಇದೇ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1985ರಲ್ಲಿ ಸ್ಥಾಪನೆಯಾದ ಕೋಆಪರೇಟಿವ್ ಹೋಮ್ ಕೇರ್ ಅಸೋಸಿಯೇಟ್ಸ್ ಬೇರೆಯ ದಾರಿ ಹಿಡಿಯಿತು. ಇದು ಸಹಾಯಕಿಯರೇ ಒಡೆತನ ಹೊಂದಿರುವ ಸಹಕಾರಿ ಸಂಸ್ಥೆ. ತನ್ನ ಕೆಲಸಗಾರರಿಗೆ ತಾನೇ ತರಬೇತಿ ನೀಡುತ್ತದೆ. ಅಮೆರಿಕದ ಅತಿ ದೊಡ್ಡ ಕಾರ್ಮಿಕ ಸಹಕಾರಿ ಸಂಸ್ಥೆಯೆಂದು ಇದು ಹೆಸರಾಗಿದೆ.

ಭಾರತ ಮತ್ತು ಕರ್ನಾಟಕ

2011ರ ಜನಗಣತಿಯಲ್ಲಿ ಭಾರತದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 10.4 ಕೋಟಿ. ಮಕ್ಕಳು ಪರಊರು, ಪರದೇಶಗಳಲ್ಲಿ ನೆಲೆಸಿದ ಮನೆಗಳು ಹೆಚ್ಚಿದಂತೆ ಸೊಸೆ ಅಥವಾ ಮಗಳು ಮಾಡುತ್ತಿದ್ದ, ಎಂದೂ ಲೆಕ್ಕಕ್ಕೆ ಬಾರದಿದ್ದ ಆರೈಕೆ ಸಂಬಳದ ಕೆಲಸವಾಗಿ ಮಾರ್ಪಟ್ಟಿದೆ.

ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿಯು 'ಹೋಮ್ ಹೆಲ್ತ್ ಏಡ್' ಎಂಬ ಹೆಸರಿನಲ್ಲಿಯೇ ರಾಷ್ಟ್ರೀಯ ಮಾನದಂಡವೊಂದನ್ನು ರೂಪಿಸಿದೆ. ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿಯುವ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ಕೋರ್ಸು ಇದಕ್ಕೆ ಹತ್ತಿರದ್ದು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಇಂತಹ ಕೋರ್ಸುಗಳಿಗೆ ಶುಲ್ಕವಿರುವುದಿಲ್ಲ. ಕೋವಿಡ್ ಎರಡನೆಯ ಅಲೆಯ ನಂತರ, 2021ರ ಜೂನ್‌ನಲ್ಲಿ, ದೇಶದಾದ್ಯಂತ ಒಂದು ಲಕ್ಷ ಮಂದಿಗೆ ಅಲ್ಪಾವಧಿ ತರಬೇತಿ ನೀಡುವ ಕಾರ್ಯಕ್ರಮ ಆರಂಭವಾಯಿತು. ಅದರ ಆರು ವಿಭಾಗಗಳಲ್ಲಿ ಮನೆಯ ಆರೈಕೆಯೂ ಒಂದಾಗಿತ್ತು.

ಆದರೆ ಅಮೆರಿಕದ 75 ಗಂಟೆಯ ನಿಯಮದಂತೆ ಇಲ್ಲಿ ತರಬೇತಿ ಕಡ್ಡಾಯವಲ್ಲ. ಪ್ರಮಾಣಪತ್ರವಿಲ್ಲದವರನ್ನೂ ಏಜೆನ್ಸಿಗಳು ಮನೆಗಳಿಗೆ ಕಳುಹಿಸುತ್ತವೆ. 'ಹೋಮ್ ನರ್ಸ್' ಎಂಬ ಹೆಸರು ಈ ಗೊಂದಲವನ್ನು ಹೆಚ್ಚಿಸಿದೆ. ನರ್ಸ್ ಎನ್ನಿಸಿಕೊಳ್ಳಲು ಎ.ಎನ್.ಎಂ., ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಮನೆಗೆ ಬರುವವರು ನರ್ಸೋ ಸಹಾಯಕಿಯೋ, ಯಾವ ತರಬೇತಿ ಪಡೆದಿದ್ದಾರೆ, ಏಜೆನ್ಸಿಗೆ ಕೊಡುವ ಹಣದಲ್ಲಿ ಅವರ ಕೈಸೇರುವುದೆಷ್ಟು, ವಾರಕ್ಕೊಂದು ರಜೆ ಇದೆಯೇ ಎಂಬುದನ್ನು ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳುವುದು ಎರಡೂ ಕಡೆಯವರಿಗೆ ಒಳ್ಳೆಯದು. ಮಲಮೂತ್ರ ಬಳಿದರೆಂಬ ಕಾರಣಕ್ಕೆ ಅದೇ ಮನೆಯಲ್ಲಿ ಅವರಿಗೆ ಬೇರೆ ತಟ್ಟೆ ಲೋಟ ಇಡುವ ಪದ್ಧತಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ.

ಕರ್ನಾಟಕವು 2004ರಲ್ಲಿ ಮನೆಗೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದಿತು. ದೇಶದಲ್ಲಿ ಈ ಹೆಜ್ಜೆಯನ್ನು ಮೊದಲು ಇಟ್ಟ ರಾಜ್ಯಗಳಲ್ಲಿ ಇದೂ ಒಂದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದು ಪರಿಗಣಿಸುತ್ತದೆ. ಮನೆಗಳಲ್ಲಿ ದುಡಿಯುವವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಾಲ್ಕು ಗೋಡೆಗಳ ನಡುವೆ ಒಂಟಿಯಾಗಿ ದುಡಿಯುವ ಸಹಾಯಕಿಯರಿಗೆ ಈ ಅವಕಾಶ ಅಗತ್ಯವಾದುದು, ಆದರೆ ಅದನ್ನು ಬಲ್ಲವರು ಕಡಿಮೆ.

ಹೊರದೇಶಗಳಿಗೆ ಹೋಗುವವರೂ ಇದ್ದಾರೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಅನೇಕರು ಇಸ್ರೇಲಿನಲ್ಲಿ ವೃದ್ಧರ ಮನೆಗಳಲ್ಲಿಯೇ ಉಳಿದು ಆರೈಕೆಯ ಕೆಲಸ ಮಾಡುತ್ತಾರೆ. ಅಲ್ಲಿನ ಹೀಬ್ರೂ ಭಾಷೆಯನ್ನು ವ್ಯವಹಾರಕ್ಕೆ ಬೇಕಾದಷ್ಟು ಕಲಿಯುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಅಲ್ಲಿ ಯುದ್ಧ ಆರಂಭವಾದಾಗ, ನಡೆಯಲಾಗದ ವೃದ್ಧರನ್ನು ಬಿಟ್ಟು ಬರಲಾರದೆ ಅಲ್ಲಿಯೇ ಉಳಿದ ಕರಾವಳಿಯವರ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು.